‘ನಿನಗೆ ಯಾವಾಗಲೂ ನಿನ್ನದೇ ಧ್ಯಾನ’

ಪ್ರಶ್ನೆ: ನನಗೆ 31 ವರ್ಷ. ಕಚೇರಿಯಲ್ಲಿ ಇಬ್ಬರು ಮೂಲೆಯಲ್ಲಿ ನಿಂತು ನಕ್ಕರೆ ನನ್ನನ್ನೇ ಆಡಿಕೊಂಡರು ಅನಿಸುತ್ತದೆ. ಕಳಿಸಿದ ಮೆಸೇಜನ್ನೇ ನಾಲ್ಕು ಸಲ ತೆಗೆದು ಓದುತ್ತೇನೆ. ಮೊನ್ನೆ ಗೆಳತಿಯೊಬ್ಬಳು ಕೆಲಸದ ಸಂದರ್ಶನ ಮುಗಿಸಿ ಬಂದಿದ್ದಳು. ಅವಳ ಹತ್ತಿರ, ಮೀಟಿಂಗಿನಲ್ಲಿ ನಾನು ತಡವರಿಸಿದ್ದನ್ನು ಹೇಳಿಕೊಳ್ಳುತ್ತಿದ್ದೆ. ‘ನಿನಗೆ ಯಾವಾಗಲೂ ನಿನ್ನದೇ ಧ್ಯಾನ’ ಅಂದುಬಿಟ್ಟಳು. ತುಂಬ ಬೇಜಾರಾಯಿತು. ಜಂಬ ಪಡುವಂಥದ್ದು ನನ್ನಲ್ಲಿ ಏನೂ ಇಲ್ಲ. ನಾನು ಸ್ವಾರ್ಥಿನಾ ಮೇಡಂ?

ಉತ್ತರ: ಸ್ವಾರ್ಥಿ ಅಲ್ಲ. ಆದರೆ ನಿಮ್ಮ ಗೆಳತಿ ಸುಳ್ಳನ್ನೂ ಹೇಳಿಲ್ಲ.

ತನ್ನದೇ ಧ್ಯಾನ ಅಂದರೆ ನಮಗೆ ಜಂಬದ ಕೋಳಿಗಳೇ ನೆನಪಾಗುತ್ತಾರೆ. ‘ನನ್ನಂಥವರು ಯಾರಿದ್ದಾರೆ’ ಅನ್ನುವವರು. ‘ನಾನು ಯಾತಕ್ಕೂ ಬಾರದವಳು’ ಅಂತ ಕೊರಗುವವರನ್ನು ಆ ಸಾಲಿನಲ್ಲಿ ಕೂರಿಸಲು ಮನಸ್ಸು ಬರುವುದಿಲ್ಲ, ಪಾಪ ಅನಿಸುತ್ತದೆ. ಆದರೆ ಅವರ ತಲೆಯಲ್ಲೂ ಹೊತ್ತು ಮುಳುಗುವ ತನಕ ಓಡುವುದು ಅದೇ ‘ನಾನು’. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀವು ಕುಂಬಳಕಾಯಿ ಕದ್ದೇ ಇಲ್ಲ, ಆದರೂ ದಿನಾ ಹೆಗಲು ಒರೆಸಿಕೊಳ್ಳುತ್ತಿದ್ದೀರಿ.

(ಆತ್ಮರತಿ, ಅಂದರೆ ತನ್ನ ಮೇಲೆ ತನಗೇ ಅತಿಯಾದ ಮೋಹ, ಅನ್ನುವ ಮಾತನ್ನು ಈಗ ಸಿಕ್ಕಸಿಕ್ಕವರಿಗೆಲ್ಲ ಅಂಟಿಸುತ್ತಾರೆ. ವೈದ್ಯರು ಹೇಳುವ ಆ ವ್ಯಕ್ತಿತ್ವದ ತೊಂದರೆಯೇ ಬೇರೆ. ನಿಮ್ಮ ಪತ್ರದಲ್ಲಿ ನನಗೆ ಅದು ಕಾಣಲಿಲ್ಲ. ಸುಮ್ನೆ ಹೆದರಬೇಡಿ.)

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ದಲ್ಲಿ ಒಂದು ಮಜವಾದ ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಮುಜುಗರವಾಗುವಂತೆ, ಒಬ್ಬ ಗಾಯಕನ ಚಿತ್ರವಿರುವ ಟೀ ಶರ್ಟ್ ಹಾಕಿಸಿ, ಜನ ಕೂತಿದ್ದ ಕೋಣೆಯೊಳಗೆ ಬಿಟ್ಟರು. ಎಷ್ಟು ಮಂದಿ ಶರ್ಟ್ ಗಮನಿಸಿರಬಹುದು ಅಂತ ಆಮೇಲೆ ಕೇಳಿದರೆ, ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅಂತ ಅವರ ಅಂದಾಜು. ನಿಜಕ್ಕೂ ಗಮನಿಸಿದ್ದವರು ಕಾಲು ಭಾಗದ ಆಸುಪಾಸು. ಉಳಿದವರಿಗೆ ಬಹುಶಃ ತಮ್ಮತಮ್ಮ ಶರ್ಟಿನದೇ ಚಿಂತೆ ಇತ್ತು, ಅಲ್ವಾ! ನೀವು ಮೀಟಿಂಗಿನಲ್ಲಿ ತಡವರಿಸಿದ್ದೂ ಎಷ್ಟು ಜನರಿಗೆ ನೆನಪಿದೆಯೋ.

ನಾನೇನೂ ಇದರಿಂದ ಪಾರಾದವಳಲ್ಲ. ಕೆಲವು ವರ್ಷಗಳ ಹಿಂದೆ, ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಗೆಳತಿಯನ್ನು ನೋಡಲು ಹೋಗಿದ್ದೆ. ಒಂದು ಗಂಟೆ ಕೂತೆ. ನನ್ನ ಮೊಣಕಾಲು ನೋವು, ಮೆಟ್ಟಿಲು ಹತ್ತುವ ಕಷ್ಟ, ಡಾಕ್ಟರು ಹೇಳಿದ್ದು, ನಾನು ತಿರುಗಿಸಿ ಹೇಳಿದ್ದು, ಎಲ್ಲ ಒಪ್ಪಿಸಿದೆ. ಅವಳು ಮಧ್ಯೆ ಮಧ್ಯೆ ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಾ ‘ಹೌದಾ’ ಅನ್ನುತ್ತಿದ್ದಳು. ಮನೆಗೆ ಬಂದಾಗ ನಮ್ಮವರು ಕೇಳಿದರು: ‘ಯಾವ ಕಣ್ಣಿಗೆ ಆಪರೇಷನ್ನು?’ ನನಗೆ ಗೊತ್ತಿರಲಿಲ್ಲ. ಎದುರಿಗೇ ಕೂತಿದ್ದೆ, ಡ್ರಾಪ್ಸ್ ಹಾಕುವುದನ್ನೂ ನೋಡಿದ್ದೆ. ಎಡವೋ ಬಲವೋ, ಊಹೂಂ. ಇವತ್ತಿಗೂ ನೆನೆದರೆ ಮುಖ ಬಿಸಿಯಾಗುತ್ತದೆ.

ಅವತ್ತಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾರಾದರೂ ‘ರಾತ್ರಿ ನಿದ್ದೆ ಬರಲಿಲ್ಲ’ ಅಂದರೆ ನಾಲಿಗೆಗೆ ಮೊದಲು ಬರುವುದು ‘ಅಯ್ಯೋ, ನನಗೂ’. ಅದನ್ನು ನುಂಗಿ ‘ಯಾಕೆ?’ ಅಂತ ಕೇಳುತ್ತೇನೆ. ಆಮೇಲೆ ಇನ್ನೊಂದು ಪ್ರಶ್ನೆ. ನನ್ನ ಸರದಿ ಬಂದರೆ ಬರಲಿ. ಮೊದಮೊದಲು ನಾಟಕ ಆಡಿದ ಹಾಗೆ ಇತ್ತು. ಈಗಲೂ ಹತ್ತರಲ್ಲಿ ನಾಲ್ಕು ಸಲ ‘ನನಗೂ’ ಜಾರಿಬಿಡುತ್ತದೆ. ನಿಮ್ಮ ಬಗ್ಗೆ ಯೋಚಿಸಲೇಬೇಡಿ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ‘ಈಗ ಯೋಚಿಸುತ್ತಿದ್ದೇನಾ, ಇಲ್ಲವಾ’ ಅಂತ ಅದೇ ಇನ್ನೊಂದು ಯೋಚನೆಯಾಗುತ್ತದೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗೆಳತಿ ಸಂದರ್ಶನ ಮುಗಿಸಿ ಬಂದಿದ್ದಳು ಅಂತ ಬರೆದಿದ್ದೀರಿ. ಏನಾಯಿತಂತೆ?