4ಕೆ ಟಿವಿಗೆ 30 ಹರ್ಟ್ಸ್ ಮಾತ್ರ ಸಿಗುತ್ತಿರುವ ಬಗ್ಗೆ

ಕೇಬಲ್ ಬಾಕ್ಸ್‌ಗೆ ಬದಲಾಗಿ 4ಕೆ ಟಿವಿಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಕ್ರೀಡಾ ಪ್ರಸಾರ ತಡವರಿಸುತ್ತಿದೆ, 60 ಹರ್ಟ್ಸ್ (ಸೆಕೆಂಡಿಗೆ 60 ಬಾರಿ ಚಿತ್ರ ಬದಲಾಗುವುದು) ಆಯ್ಕೆ ಕಾಣುತ್ತಿಲ್ಲ, ತೊಂದರೆ ಪ್ರೊಸೆಸರಿನದೇ ಎಂದು ಕೇಳಿದ್ದೀರಿ. ಅದು ಬಹುಶಃ ಪ್ರೊಸೆಸರಿನದಲ್ಲ, ಎಚ್‌ಡಿಎಂಐ (ಚಿತ್ರ ಮತ್ತು ಧ್ವನಿಯನ್ನು ಟಿವಿಗೆ ಕಳುಹಿಸುವ ಕೇಬಲ್) ಸಂಪರ್ಕದ್ದು: 1.4 ಆವೃತ್ತಿಯ ಎಚ್‌ಡಿಎಂಐ 4ಕೆ ಚಿತ್ರವನ್ನು 30 ಹರ್ಟ್ಸ್‌ವರೆಗೆ ಮಾತ್ರ ಸಾಗಿಸುವುದರಿಂದ, ಈ ಎರಡೂ ತೊಂದರೆಗಳು ಅದರಿಂದಲೇ ಇರಬೇಕು. ಏನನ್ನೂ ಕೊಳ್ಳುವ ಮೊದಲು, ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ ಕೇಬಲ್ ಹಾಕಿದ ಪೋರ್ಟಿಗೆ ‘ಎನ್‌ಹ್ಯಾನ್ಸ್ಡ್’ ಅಥವಾ ಅದೇ ಅರ್ಥದ ಆಯ್ಕೆಯಿದ್ದರೆ ಆನ್ ಮಾಡಿ. ಅನೇಕ ಟಿವಿಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಬಳಿಕ ಬೇರೆ ಕೇಬಲ್ ಹಾಕಿ ನೋಡಿ. ಆಗಲೂ ಸರಿಹೋಗದಿದ್ದರೆ ಮದರ್‌ಬೋರ್ಡಿನ (ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಫಲಕದ) ಕೈಪಿಡಿಯಲ್ಲಿ ಕಂಪ್ಯೂಟರಿನ ಎಚ್‌ಡಿಎಂಐ ಪೋರ್ಟಿನ ಆವೃತ್ತಿಯನ್ನು ಪರಿಶೀಲಿಸಿ. ಅದು 1.4 ಆಗಿದ್ದು, ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ 1.2 (ಚಿತ್ರ ಕಳುಹಿಸುವ ಇನ್ನೊಂದು ಬಗೆಯ ಪೋರ್ಟ್) ಇದ್ದರೆ, ಅಲ್ಲಿಂದ 4ಕೆ ಚಿತ್ರವನ್ನು 60 ಹರ್ಟ್ಸ್‌ನಲ್ಲಿ ಸಾಗಿಸುವ ಎಚ್‌ಡಿಎಂಐ 2.0ಗೆ ಪರಿವರ್ತಿಸುವ ಆಕ್ಟಿವ್ ಅಡಾಪ್ಟರ್ (ಸಂಕೇತವನ್ನು ತಾನೇ ಪರಿವರ್ತಿಸುವಂಥದ್ದು) ಸಾಕು. ಸಂಕೇತವನ್ನು ತಾನೇ ಪರಿವರ್ತಿಸದ ಪ್ಯಾಸಿವ್ ಅಡಾಪ್ಟರನ್ನು ದಯವಿಟ್ಟು ಕೊಳ್ಳಬೇಡಿ, ಅದರಿಂದ ಈ ಕೆಲಸ ಆಗುವುದಿಲ್ಲ. ಅಲ್ಲಿಯವರೆಗೆ 1080ಪಿ (4ಕೆಗಿಂತ ಕಡಿಮೆ ಸ್ಪಷ್ಟತೆ), 60 ಹರ್ಟ್ಸ್‌ನಲ್ಲಿಯೇ ಪಂದ್ಯ ನೋಡಿ.