ಕಾನೂನು ಪ್ರಶ್ನೋತ್ತರ: ತಂತಿಯ ಕಿಡಿಗೆ ಸುಟ್ಟ ಕಬ್ಬು, ಸುಟ್ಟ ಮನೆ

ಪ್ರಶ್ನೆ: ನಮ್ಮ ಮೂರು ಎಕರೆ ಕಬ್ಬಿನ ಮೇಲೆ 11 ಕೆ.ವಿ. ಲೈನ್ ಹಾದಿದೆ. ನಿನ್ನೆ ಗಾಳಿಗೆ ತಂತಿಗಳು ಒಂದಕ್ಕೊಂದು ಬಡಿದು ಕಿಡಿ ಉದುರಿ ಬೆಳೆ ಸುಟ್ಟಿತು. ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನವರು "ರವದಿಗೆ (ಒಣ ಗರಿಗೆ) ನೀವೇ ಬೆಂಕಿ ಇಟ್ಟಿರಬೇಕು" ಅನ್ನುತ್ತಿದ್ದಾರೆ. ಏನು ಮಾಡಲಿ?
– ರೈತ, ಮುಧೋಳ ತಾಲ್ಲೂಕು

ಉತ್ತರ: ಆ ಮಾತಿಗೆ ಜವಾಬು ಅವರ ದಫ್ತರದಲ್ಲೇ ಇರುತ್ತದೆ. ತಂತಿ ತಂತಿಗೆ ತಾಗಿದರೆ ಸಬ್‌ಸ್ಟೇಷನ್ನಿನಲ್ಲಿ ಆ ಫೀಡರ್, ಅಂದರೆ ಆ ಲೈನಿಗೆ ಕರೆಂಟ್ ಕಳಿಸುವ ಮಾರ್ಗ, ಸಾಮಾನ್ಯವಾಗಿ ಟ್ರಿಪ್ ಆಗುತ್ತದೆ (ತಾನಾಗಿ ಬಂದ್ ಆಗುತ್ತದೆ), ಹೊತ್ತು ಲಾಗ್‌ಬುಕ್ಕಿನಲ್ಲಿ ದಾಖಲಾಗುತ್ತದೆ. ಟ್ರಿಪ್ ಆದದ್ದು 2.10ಕ್ಕೆ, ಅಗ್ನಿಶಾಮಕ ಠಾಣೆಗೆ ಕರೆ ಹೋದದ್ದು 2.25ಕ್ಕೆ ಎಂದು ಎರಡು ಬೇರೆ ಬೇರೆ ಕಚೇರಿಗಳ ಕಾಗದ ಹೇಳಿದರೆ, ಹತ್ತು ಸಾಕ್ಷಿಗಳಿಗಿಂತ ಅದರ ತೂಕ ಹೆಚ್ಚು. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಆ ದಿನದ ಲಾಗ್‌ಬುಕ್ ಪುಟದ ದೃಢೀಕೃತ ನಕಲು ಕೇಳಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಬಂದ ದೂರುಗಳಿಗೂ ಲೈನ್ ನಿರ್ವಹಣೆಯ ದಾಖಲೆಗೂ ಬೇರೆ ಬೇರೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಎಲ್ಲ ಒಟ್ಟಿಗೆ ಕೇಳಿದ ಅರ್ಜಿಗಳು ಈ ಕಾರಣಕ್ಕೇ ವಾಪಸ್ ಬರುತ್ತವೆ.

ಅದಕ್ಕೂ ಮೊದಲು ಇವತ್ತೇ ಆಗಬೇಕಾದ ಕೆಲಸವಿದೆ. ಲೈನ್‌ಮನ್ ಬಂದು ತಂತಿ ಬಿಗಿದು, ಸುಟ್ಟ ಜಂಪರ್ (ಕಂಬದ ಬಳಿ ತಂತಿಗಳನ್ನು ಜೋಡಿಸುವ ತುಂಡು) ಬದಲಿಸಿ ಹೋದರೆ ಮುಖ್ಯ ಪುರಾವೆಯೇ ಮಾಯ. ತಂತಿಯ ಮೇಲಿನ ಕರಗಿದ ಗುರುತು, ಜೋತು ಬಿದ್ದ ಜಾಗ, ಎರಡೂ ಬದಿಯ ಕಂಬಗಳ ನಂಬರ್ ಕಾಣುವಂತೆ ಸ್ಥಳ ಮತ್ತು ಸಮಯ ಮೂಡುವ ಫೋಟೊ ತೆಗೆಯಿರಿ. ಎತ್ತರ ಅಳೆಯಲು ಗಳ ಎತ್ತುವ ಸಾಹಸ ಮಾತ್ರ ಬೇಡ. ಬಯಲಿನ ಮೇಲೆ ಹಾದ 11 ಕೆ.ವಿ. ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿರಬೇಕೆಂಬುದು ಸುರಕ್ಷತಾ ನಿಯಮ. ಅದನ್ನು ಅಳೆದು ವರದಿ ಕೊಡುವಂತೆ ಜಿಲ್ಲೆಯ ವಿದ್ಯುತ್ ಪರಿವೀಕ್ಷಕರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪೊಲೀಸ್ ಠಾಣೆಗೆ ದೂರು ಕೊಡಿ, ಗ್ರಾಮ ಆಡಳಿತ ಅಧಿಕಾರಿಯಿಂದ ಪಂಚನಾಮೆ ಮಾಡಿಸಿ. ಪಂಚನಾಮೆಯಲ್ಲಿ "ಆಕಸ್ಮಿಕ ಬೆಂಕಿ" ಎಂದಷ್ಟೇ ಬರೆದಿದ್ದರೆ ಸಹಿ ಹಾಕಬೇಡಿ. ಬೆಂಕಿ ತಂತಿಯ ಕೆಳಗೆ ಶುರುವಾಗಿ ಯಾವ ದಿಕ್ಕಿಗೆ ಹಬ್ಬಿತು ಎಂಬುದು ಅದರಲ್ಲಿ ಬರಲೇಬೇಕು.

ಪಂಚನಾಮೆ ಮುಗಿದ ಕೂಡಲೇ ಕಬ್ಬು ಕಡಿದು ಕಾರ್ಖಾನೆಗೆ ಕಳಿಸಿ. ಕೇಸು ಮುಗಿಯಲಿ ಎಂದು ನಿಲ್ಲಿಸಿದರೆ ದಿನ ದಿನಕ್ಕೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ನಷ್ಟ ತಗ್ಗಿಸಲು ನೀವೇನು ಮಾಡಿದಿರಿ ಎಂದು ನ್ಯಾಯಾಲಯ ಕೇಳುತ್ತದೆ. ತಂತಿಯ ನೇರ ಕೆಳಗಿನ ನಾಲ್ಕಾರು ಸಾಲು ಮಾತ್ರ ಪರಿವೀಕ್ಷಕರು ಬರುವ ತನಕ ಹಾಗೇ ಇರಲಿ.

ಲೆಕ್ಕವನ್ನು ಊಹೆಯ ಮೇಲೆ ಹಾಕಬೇಡಿ. ಹಿಂದಿನ ಎರಡು ವರ್ಷದ ಕಾರ್ಖಾನೆ ಬಿಲ್ಲು, ಈಗಿನ ತೂಕದ ಚೀಟಿ ಜೋಡಿಸಿ. ಉದಾಹರಣೆಗೆ, ಮೂರು ಎಕರೆಗೆ ಬರಬೇಕಿದ್ದದ್ದು 120 ಟನ್, ದರ ಟನ್ನಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ: 3,60,000. ಸುಟ್ಟ ಮೇಲೆ ತೂಗಿದ್ದು 95 ಟನ್, ಕಡಿತ ಕಳೆದು 2,700ರಂತೆ ಸಿಕ್ಕಿದ್ದು 2,56,500. ವ್ಯತ್ಯಾಸ 1,03,500. ಇದರ ಮೇಲೆ ಹನಿ ನೀರಾವರಿ ಪೈಪು ಮತ್ತು ಕುಳೆ ಬೆಳೆಯ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿನ) ನಷ್ಟ. ಕುಳೆಯ ನಷ್ಟಕ್ಕೆ ಕೃಷಿ ಅಧಿಕಾರಿಯ ವರದಿ ಇಲ್ಲದಿದ್ದರೆ ಕೋರ್ಟು ಅದನ್ನು ಹೊಡೆದುಹಾಕುವ ಸಂಭವವೇ ಹೆಚ್ಚು.

ವಿದ್ಯುತ್ ಕಂಪನಿಗೆ ವಕೀಲರ ನೋಟಿಸ್ ಕಳಿಸಿ. ಹಣ ಬಾರದಿದ್ದರೆ ಎರಡು ದಾರಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು, ಖರ್ಚು ಕಡಿಮೆ. ಆದರೆ 10 ಎಚ್.ಪಿ. ತನಕದ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತವಾದ್ದರಿಂದ "ಇವರು ಹಣ ಕೊಟ್ಟ ಗ್ರಾಹಕರೇ ಅಲ್ಲ" ಎಂಬ ತಕರಾರು ಬರುತ್ತದೆ. ಮನೆಯ ಮೀಟರ್ ಬಿಲ್ಲನ್ನೂ ಲಗತ್ತಿಸಿ, ಆದರೂ ತಕರಾರು ಪೂರ್ತಿ ನಿಲ್ಲುತ್ತದೆಂಬ ಖಾತ್ರಿ ಇಲ್ಲ. ಸಿವಿಲ್ ದಾವೆಗೆ ಮೂರು ವರ್ಷ ಇದೆ ಎಂದು ಕೂರಬೇಡಿ. ಕಾಯ್ದೆಯಡಿ ಮಾಡಿದ ಕೆಲಸ ಎಂದು ವಾದಿಸಿ ಕಂಪನಿಗಳು ಕಾಲಮಿತಿ ಕಾಯ್ದೆಯ 72ನೇ ವಿಧಿಯ ಒಂದು ವರ್ಷದ ಮಿತಿಯನ್ನು ಎತ್ತಬಹುದು. ವರ್ಷದೊಳಗೆ ಹಾಕಿದರೆ ಆ ವಾದಕ್ಕೆ ಜಾಗವೇ ಇರುವುದಿಲ್ಲ. ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್, ನಿರ್ಲಕ್ಷ್ಯ ಸಾಬೀತಾಗದಿದ್ದರೂ ಅಪಾಯದ ವಸ್ತು ಸಾಗಿಸುವವರೇ ಹೊಣೆ ಎಂದಿತು. ಅದು ಜೀವಹಾನಿಯ ಪ್ರಕರಣ. ಬೆಳೆಗೂ ಅದೇ ತತ್ವ ಅನ್ವಯಿಸಬೇಕೆಂದು ನಿಮ್ಮ ವಕೀಲರು ವಾದಿಸಲಿ. ಪಹಣಿ ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿದ್ದರೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ ಮಗಳು-ಅಳಿಯನ ಮನೆ 2025ರ ಜನವರಿಯ ಈಟನ್ ಕಾಳ್ಗಿಚ್ಚಿನಲ್ಲಿ ಹೋಯಿತು. ವಿಮೆ ಬಂದಿದೆ, ಸಾಲದು. ವಿದ್ಯುತ್ ಕಂಪನಿಯಿಂದಲೂ ಕೇಳಬಹುದೇ?
– ಓದುಗರು, ಮೈಸೂರು

ಉತ್ತರ: ಕೇಳಬಹುದು. ಅಲ್ಲಿ ಕಂಪನಿಯ ಉಪಕರಣದಿಂದ ಬೆಂಕಿ ಹೊತ್ತಿತೆಂದು ತೋರಿಸಿದರೆ, ನಿರ್ಲಕ್ಷ್ಯ ಸಾಬೀತುಪಡಿಸದೆಯೂ ಆಸ್ತಿ ನಷ್ಟ ಪಡೆಯಲು ದಾರಿಯಿದೆ. ಆಸ್ತಿ ನಷ್ಟಕ್ಕೆ ಮಿತಿ ಮೂರು ವರ್ಷ, ಗಾಯ ಅಥವಾ ಸಾವಿಗೆ ಎರಡು. ವಿಮೆಯಿಂದ ಬಂದದ್ದನ್ನು ಮತ್ತೆ ಕೇಳುವಂತಿಲ್ಲ. ಕೊರತೆ ಬಿದ್ದ ಮೊತ್ತ, ಬಾಡಿಗೆ, ಸುಟ್ಟ ಮರಗಳನ್ನು ಸೇರಿಸಬಹುದು. ಕಂಪನಿಯೇ ತೆರೆದ ಪರಿಹಾರ ಯೋಜನೆಯಲ್ಲಿ ಹಣ ಬೇಗ ಬರಬಹುದು, ಆದರೆ ಒಪ್ಪಿ ಸಹಿ ಹಾಕಿದರೆ ದಾವೆಯ ಹಕ್ಕು ಹೋಗುತ್ತದೆ. ಇತ್ತ ದಾವೆ ಎಂದರೆ ಕಾಯುವಿಕೆ: 2018ರಲ್ಲಿ ಪ್ಯಾರಡೈಸ್ ಪಟ್ಟಣ ಸುಟ್ಟ ಬೆಂಕಿಯೂ ಸೇರಿದ ಒಪ್ಪಂದದಲ್ಲಿ ಅಲ್ಲಿನ ಇನ್ನೊಂದು ವಿದ್ಯುತ್ ಕಂಪನಿ ಪಿಜಿ ಅಂಡ್ ಇ ಒಪ್ಪಿದ 13.5 ಬಿಲಿಯನ್ ಡಾಲರಿನಲ್ಲಿ ಅರ್ಧ ಆ ಕಂಪನಿಯ ಷೇರುಗಳಾಗಿದ್ದವು, ಸಂತ್ರಸ್ತರ ಪಾಲು ಷೇರುಪೇಟೆಯ ಏರಿಳಿತಕ್ಕೆ ಸಿಕ್ಕಿತು. ಸಹಿಗೆ ಮುನ್ನ ವಕೀಲರೊಬ್ಬರಿಗೆ ಆ ಕರಾರು ತೋರಿಸಲಿ, ಅವರು ಎಷ್ಟು ಶೇಕಡಾ ಹಿಡಿಯುತ್ತಾರೆ, ಕೋರ್ಟ್ ಖರ್ಚು ಅದರ ಒಳಗೋ ಹೊರಗೋ ಎಂಬುದನ್ನೂ ಬರಹದಲ್ಲಿ ಪಡೆಯಲಿ.