ಊತ ಕಂಡ ಕೂಡಲೇ ಮಾತ್ರೆಗೆ ಕೈ ಹಾಕಬೇಡಿ

ಪ್ರಶ್ನೆ: ಡಾಕ್ಟ್ರೇ, ಮೊನ್ನೆ ಓಡುವಾಗ ತೊಡೆಯ ಹಿಂಭಾಗ ಚಟ್ ಅಂತ ಹಿಡಿಯಿತು. ಊತ ಇದೆ, ನೋವಿದೆ. ಉರಿಯೂತ ಇರುವ ತನಕ ಸ್ನಾಯು ವಾಸಿಯಾಗಲ್ಲ ಅಂತ ಜಿಮ್ ಟ್ರೇನರ್ ಹೇಳಿದರು. ದಿನಕ್ಕೆ ಮೂರು ಸಲ ಊತದ ಮಾತ್ರೆ, ಗಂಟೆಗೊಮ್ಮೆ ಐಸ್ ನಡೀತಿದೆ. ಆದರೂ ಇಳಿದಿಲ್ಲ. ಡೋಸ್ ಜಾಸ್ತಿ ಮಾಡಲಾ?

ಬೇಡ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಊತ ಅಂದರೆ ರೋಗ, ಅದನ್ನು ಅಡಗಿಸಿದರೆ ಗಾಯ ವಾಸಿ ಅಂತ ಯಾರು ಯಾರೋ ಹೇಳಿಕೊಡುತ್ತಾರೆ, ಜನ ನಂಬುತ್ತಾರೆ. ಹಾಗಾಗಿ ಈ ಸಲ ಜಾಗ ಎಲ್ಲ ಇದಕ್ಕೇ ಕೊಡುತ್ತೇನೆ.

ಸ್ನಾಯುವಿನ ಒಂದೊಂದು ಎಳೆಯೂ ಒಂದು ಉದ್ದನೆಯ ಜೀವಕೋಶ. ಅದು ಹರಿದರೆ ತನ್ನನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳಲಾರದು. ಆ ಕೆಲಸಕ್ಕೆ ಬೇರೆ ಕೋಶಗಳಿವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದಾಗ, ಎಳೆಗೂ ಅದರ ಹೊರಗಿನ ತೆಳು ಕವಚಕ್ಕೂ ನಡುವೆ ಪುಟ್ಟ ಕೋಶಗಳು ಅಂಟಿಕೊಂಡಿರುವುದು ಕಂಡಿತು. ಅವಕ್ಕೆ ಸ್ಯಾಟಲೈಟ್ ಕೋಶ ಅಂತ ಹೆಸರಾಯಿತು. ಇವೇ ಸ್ನಾಯುವಿನ ಕಾಂಡಕೋಶಗಳು, ಅಂದರೆ ಹೊಸ ಕೋಶ ಹುಟ್ಟಿಸಬಲ್ಲ ಮೂಲ ಕೋಶಗಳು. ಪೆಟ್ಟು ಬೀಳದಿದ್ದರೆ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತವೆ.

ಪೆಟ್ಟು ಬಿದ್ದ ಮೇಲೆ ಏನಾಗುತ್ತದೆ? ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬರುತ್ತವೆ. ಅವುಗಳ ಬೆನ್ನಿಗೇ ಮ್ಯಾಕ್ರೋಫೇಜ್‌ಗಳು. ಸತ್ತ ಎಳೆಯ ಚೂರುಗಳನ್ನು ತಿಂದು ಜಾಗ ಖಾಲಿ ಮಾಡುವುದು ಇವುಗಳ ಕೆಲಸ. ಜೊತೆಗೆ ಇವು ಬಿಡುಗಡೆ ಮಾಡುವ ರಾಸಾಯನಿಕಗಳೇ ಕಾಂಡಕೋಶಗಳಿಗೆ 'ಹೆಚ್ಚಿಕೊಳ್ಳಿ' ಅಂತ ಹೇಳುತ್ತವೆ. ಎರಡು ಮೂರು ದಿನ ಕಳೆದ ಮೇಲೆ, ಚೂರುಗಳನ್ನು ತಿಂದು ಮುಗಿಸುತ್ತಾ ಬಂದ ಅವೇ ಮ್ಯಾಕ್ರೋಫೇಜ್‌ಗಳು ಸ್ವಭಾವ ಬದಲಾಯಿಸುತ್ತವೆ. ಊತ ತಣಿಸುವ ಐಎಲ್-10, ಬೆಳವಣಿಗೆಗೆ ಬೇಕಾದ ಐಜಿಎಫ್-1 ಎಂಬ ರಾಸಾಯನಿಕಗಳು ಹೊರಬರುತ್ತವೆ. ಆಗ ಕಾಂಡಕೋಶಗಳ ಮರಿಗಳು ಒಂದಕ್ಕೊಂದು ಬೆಸೆದು ಹೊಸ ಎಳೆಯಾಗುತ್ತವೆ. ಮ್ಯಾಕ್ರೋಫೇಜ್‌ಗಳು ಗಾಯಕ್ಕೆ ಬರದಂತೆ ತಡೆದ ಇಲಿಗಳಲ್ಲಿ ಸತ್ತ ಎಳೆ ಹಾಗೇ ಉಳಿಯುತ್ತದೆ, ದುರಸ್ತಿ ಕುಂಟುತ್ತದೆ, ಜಾಗದಲ್ಲಿ ಕೊಬ್ಬು ಮತ್ತು ಗಾಯದ ನಾರು ತುಂಬಿಕೊಳ್ಳುತ್ತದೆ. ನೀವು ಮಾತ್ರೆ ನುಂಗಿ ಓಡಿಸಲು ಹೊರಟಿರುವುದು ಈ ಮ್ಯಾಕ್ರೋಫೇಜ್‌ಗಳನ್ನೇ.

ಮೂರನೇ ದಿನದ ಗಾಯದ ಸ್ಲೈಡ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಎಳೆ ಹೋಗಿದೆ, ಕವಚ ಮಾತ್ರ ಖಾಲಿ ಅಂಗಿ ತೋಳಿನ ಹಾಗೆ ಉಳಿದಿದೆ. ಒಳಗೆಲ್ಲ ಮ್ಯಾಕ್ರೋಫೇಜ್‌ಗಳ ಗಿಜಿಗಿಜಿ. ಅಂಚಿನಲ್ಲಿ ಕಾಂಡಕೋಶಗಳು ಎರಡಾಗಿ ಒಡೆಯುತ್ತಿರುತ್ತವೆ. ಎರಡು ವಾರ ಬಿಟ್ಟು ಅದೇ ಜಾಗ ನೋಡಿ. ಅದೇ ತೋಳಿನೊಳಗೆ ಹೊಸ ಎಳೆ ಕೂತಿರುತ್ತದೆ. ಹಳೆ ಎಳೆಯಲ್ಲಿ ನ್ಯೂಕ್ಲಿಯಸ್ ಅಂಚಿಗಿದ್ದರೆ ಇದರಲ್ಲಿ ನಟ್ಟನಡುವೆ. ಇದು ಹೊಸದಾಗಿ ಕಟ್ಟಿದ್ದು ಅನ್ನುವುದಕ್ಕೆ ಅದೇ ಗುರುತು. ಎಷ್ಟು ಸಲ ನೋಡಿದರೂ ನನಗೆ ಇದು ಸಾಕು ಅನ್ನಿಸಿಲ್ಲ.

ಕೆನಡಾದ ಒಟ್ಟಾವದ ಸಂಶೋಧಕರು 2022ರಲ್ಲಿ ಇಲಿಗಳಲ್ಲಿ ಇನ್ನೊಂದು ವಿಷಯ ಕಂಡರು. ಗಾಯದ ಶುರುವಿನಲ್ಲಿ ರೋಗನಿರೋಧಕ ಕೋಶಗಳು ಕಾಂಡಕೋಶಕ್ಕೆ 'ಇನ್ನೂ ಸ್ವಲ್ಪ ತಡಿ' ಅಂತ ಸಂದೇಶ ಕೊಡುತ್ತವೆ. ಕಸ ತೆಗೆಯುವ ಮೊದಲೇ ಮನೆ ಕಟ್ಟಬಾರದು, ಅಲ್ವಾ? ಅಷ್ಟರಲ್ಲಿ ಕಾಂಡಕೋಶ ತನ್ನ ಸುತ್ತ ಹೈಯಲುರಾನಿಕ್ ಆಮ್ಲದ ಹೊದಿಕೆ ಹೆಣೆದುಕೊಳ್ಳುತ್ತದೆ. ಹೊದಿಕೆ ದಪ್ಪವಾದ ಮೇಲೆ ಆ ತಡೆಯ ಸಂದೇಶ ಒಳಗೆ ನಾಟುವುದಿಲ್ಲ, ಕೋಶ ಏಳುತ್ತದೆ. ಇದಕ್ಕೆ ಸುಮಾರು 40 ಗಂಟೆ ಬೇಕು. ದಯವಿಟ್ಟು ಈ ಆಮ್ಲದ ಹೆಸರು ಓದಿ ಅಂಗಡಿಗೆ ಓಡಬೇಡಿ. ಕೋಶ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕ್ಯಾಪ್ಸೂಲ್ ನುಂಗಿದರೆ ಅದು ಅಲ್ಲಿಗೇ ಹೋಗಿ ಕೂರುತ್ತದೆ ಅನ್ನುವವರನ್ನು ನಂಬಬೇಡಿ.

ಇನ್ನು ಮಾತ್ರೆ. ಮನುಷ್ಯರಲ್ಲಿ ನಡೆದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಗಾಯವಿಲ್ಲದೆ ಭಾರ ಎತ್ತುವ ವ್ಯಾಯಾಮ ಮಾಡುತ್ತಿದ್ದ ಯುವಜನರಿಗೆ ಎಂಟು ವಾರ ದಿನಕ್ಕೆ 1200 ಮಿಲಿಗ್ರಾಂ ಐಬುಪ್ರೊಫೆನ್ ಎಂಬ ಊತದ ಮಾತ್ರೆ ಕೊಟ್ಟಾಗ, ಸಣ್ಣ ಡೋಸ್ ಆಸ್ಪಿರಿನ್ ಪಡೆದವರ ಅರ್ಧದಷ್ಟೇ ತೊಡೆಯ ಸ್ನಾಯು ಬೆಳೆಯಿತು. ವಯಸ್ಸಾದವರಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಇದಕ್ಕೆ ಉಲ್ಟಾ ಬಂತು. ಹಾಗಾಗಿ ಒಂದೆರಡು ಮಾತ್ರೆ ತಗೊಂಡದ್ದಕ್ಕೆ ಹೆದರಬೇಡಿ. ನಾನು ಮಾತ್ರ ಮೊದಲ ಎರಡು ಮೂರು ದಿನ ಊತದ ಮಾತ್ರೆ ಬರೆಯುವುದು ಕಡಿಮೆ. ನಿದ್ದೆ ಬರದಷ್ಟು ನೋವಿದ್ದರೆ ಪ್ಯಾರಸಿಟಮಾಲ್ ಕೊಡುತ್ತೇನೆ. ನನ್ನದು ಸ್ವಲ್ಪ ಅತಿ ಎಚ್ಚರಿಕೆ ಅನ್ನುವ ವೈದ್ಯರೂ ಇದ್ದಾರೆ, ಇರಲಿ. ಹೃದಯಕ್ಕೋ ಸಂಧಿವಾತಕ್ಕೋ ವೈದ್ಯರು ಬರೆದ ಮಾತ್ರೆಯನ್ನು ಇದನ್ನೋದಿ ನಿಲ್ಲಿಸಬೇಡಿ.

ಐಸ್ ನೋವಿಗೆ ಹತ್ತು ನಿಮಿಷ ಇಟ್ಟರೆ ತೊಂದರೆಯಿಲ್ಲ. ಗಂಟೆಗೊಮ್ಮೆ ಯಾಕೆ? ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತಿಡುವುದು ಅನ್ನುವ ಸೂತ್ರಕ್ಕೆ 1978ರಲ್ಲಿ ಹೆಸರು ಕೊಟ್ಟ ಗೇಬ್ ಮರ್ಕಿನ್ ಅವರೇ ಆಮೇಲೆ ಐಸ್‌ನಿಂದ ಚೇತರಿಕೆ ತಡವಾಗಬಹುದು ಅಂದರು.

ಹಾಗಂತ ಉರಿಯೂತ ವಾರಗಟ್ಟಲೆ ಎಳೆದರೂ ಒಳ್ಳೆಯದಲ್ಲ. ಆಗ ನಾರು ಹೆಣೆಯುವ ಕೋಶಗಳು ಜಾಗ ಹಿಡಿದು ಬಿಡುತ್ತವೆ. ಮತ್ತೆ ಮತ್ತೆ ಅದೇ ಜಾಗ ಹರಿದುಕೊಂಡರೆ ಆಗುವುದೂ ಇದೇ. ಅದಕ್ಕೇ ಮೊದಲ ಮೂರರಿಂದ ಐದು ದಿನ ಕಾಲಿಗೆ ಬಿಡುವು ಕೊಡಿ, ಎಳೆದು ಸ್ಟ್ರೆಚ್ ಮಾಡಬೇಡಿ. ಆಮೇಲೆ ನೋವು ಬಿಟ್ಟುಕೊಟ್ಟಷ್ಟು ನಡೆಯಿರಿ. ತಿಂಗಳು ಮಲಗಿದರೆ ಸ್ನಾಯು ಸೊರಗುತ್ತದೆ. ಕಾಲು ಕಲ್ಲಿನಂತೆ ಬಿಗಿದು ಪಾದ ಜೋಮು ಹಿಡಿದರೆ ಆಸ್ಪತ್ರೆಗೆ ಕೂಡಲೇ ಹೋಗಿ. ಮುಟ್ಟಿದರೆ ಹಳ್ಳ ಸಿಕ್ಕಿದರೆ, ಹೆಜ್ಜೆ ಊರಲು ಆಗದಿದ್ದರೆ ಅವತ್ತೇ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಪೆಟ್ಟು ಬಿದ್ದ ದಿನವೇ ಚೆನ್ನಾಗಿ ತಿಕ್ಕಿಸಿದರೆ ರಕ್ತ ಕರಗುತ್ತದಂತೆ, ಹೌದಾ?

ಇಲ್ಲ, ಇನ್ನಷ್ಟು ರಕ್ತ ಸುರಿಯುತ್ತದೆ, ಕೆಲವರಿಗೆ ಸ್ನಾಯುವಿನೊಳಗೇ ಮೂಳೆ ಬೆಳೆಯುತ್ತದೆ. ತಿಕ್ಕುವವರ ಕೈ ಹಿಡಿದು ನಿಲ್ಲಿಸಿ.

ಪ್ರಶ್ನೆ: ವ್ಯಾಯಾಮದ ಮಾರನೇ ದಿನದ ಮೈಕೈ ನೋವು ಲ್ಯಾಕ್ಟಿಕ್ ಆಮ್ಲದಿಂದ ತಾನೇ?

ಅಲ್ಲ. ಅದು ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ.

ಪ್ರಶ್ನೆ: ಹೊಟ್ಟೆಯ ಕೊಬ್ಬಿನಿಂದ ಕಾಂಡಕೋಶ ತೆಗೆದು ತೊಡೆಗೆ ಚುಚ್ಚುತ್ತಾರಂತೆ, ಮಾಡಿಸಲಾ?

ದುಡ್ಡು ಕೊಡಬೇಡಿ. ಕೊಬ್ಬಿನ ಕೋಶ ಸ್ನಾಯುವಿನ ಕಾಂಡಕೋಶ ಅಲ್ಲ. ಸ್ನಾಯುವಿನಿಂದಲೇ ಬೆಳೆಸಿದ ಕೋಶಗಳನ್ನು 1990ರ ದಶಕದಲ್ಲಿ ಡುಶೆನ್ ಎಂಬ ಸ್ನಾಯು ಸವೆಯುವ ಕಾಯಿಲೆಯ ಮಕ್ಕಳಿಗೆ ಚುಚ್ಚಿ ನೋಡಿದರು. ಆ ಮಕ್ಕಳಿಗೆ ಬಲ ಬರಲಿಲ್ಲ. ಹೀಗೆ ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಕೆಲವೇ ದಿನದಲ್ಲಿ ಸಾಯುತ್ತವೆ. ಇಷ್ಟು ಗೊತ್ತಿದ್ದೂ ಗ್ಯಾರಂಟಿ ಕೊಟ್ಟು ಸೂಜಿ ಹಿಡಿಯುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಪ್ರಶ್ನೆ: ಜಿಮ್‌ನಲ್ಲಿ ಮೊದಲ ದಿನವೇ ಜಾಸ್ತಿ ಮಾಡಿದೆ. ಇವತ್ತು ಮೂತ್ರ ಟೀ ಡಿಕಾಕ್ಷನ್ ಬಣ್ಣ. ನೀರು ಕುಡಿದರೆ ಸಾಕಾ?

ಸಾಲದು. ಒಡೆದ ಸ್ನಾಯುವಿನ ಪ್ರೋಟೀನ್ ಕಿಡ್ನಿಗೆ ಹೋಗುತ್ತಿದೆ. ಇದನ್ನು ಓದುವುದು ಬಿಟ್ಟು ಈಗಲೇ ತುರ್ತು ವಿಭಾಗಕ್ಕೆ ಹೊರಡಿ. ಊತದ ಮಾತ್ರೆ ಮಾತ್ರ ಮುಟ್ಟಬೇಡಿ.